ನಿಂಬೆವ್ವನ ಹಾಸು

ಕೆಂಚಿಹೊಳೆಗೆ ಇಳಿದವರು ಕಾಲಿಗೆ ಮರಳೇ ತಾಗಲಿಲ್ಲವಲ್ಲ ಎಂದು ಇಂದಿಗೂ ಬೆರಗಾಗುತ್ತಾರೆ. ದಡದಿಂದ ದಡಕ್ಕೆ ತೆಂಗಿನಕಾಯಿ ಗಾತ್ರದ ಕಲ್ಲುಗಳು ಒಂದರ ಮೇಲೊಂದು ಒರಗಿ, ಹೆಂಚು ಹೊದೆಸಿದ ಹಾಗೆ ಮಲಗಿವೆ. ಇದೇ ನಿಂಬೆವ್ವನ ಹಾಸು. ಪಟ್ಟದಾನೆಯೊಂದು ಇದರ ಮೇಲೆ ಕುಣಿದು, ಒಂದು ಕಲ್ಲೂ ಕದಲದ್ದಕ್ಕೆ ನಾಚಿ ಹಿಂದಿರುಗಿತು ಎನ್ನುತ್ತಾರೆ. ಆ ಆನೆಯನ್ನು ಕಂಡವರು ಮಾತ್ರ ನಮ್ಮೂರಿನಲ್ಲಿ ಯಾರೂ ಇಲ್ಲ.

ಹಿಂದೆ ಒಮ್ಮೆ ಇಲ್ಲಿ ಹಾಸಿದಂತೆ ಮರಳಿತ್ತು. ಯಾವನೋ ಅರಸ ಮೇಲುಗಡೆ ಹೊಳೆಗೆ ಒಡ್ಡು ಕಟ್ಟಿಸಿದ. ಹರಿದು ಬರುವ ಮರಳು ಅಲ್ಲೇ ನಿಂತಿತು. ಬರಿಗೈಲಿ ಇಳಿದ ನೀರು ಹಸಿದು ಇಲ್ಲಿಯ ಮರಳನ್ನು ಉಣ್ಣತೊಡಗಿತು. ಸಣ್ಣದೆಲ್ಲ ಕೊಚ್ಚಿಹೋಗಿ, ನೀರು ಹೊರಲಾರದ ಕಲ್ಲಷ್ಟೇ ಮೇಲುಳಿದು, ಅಡಿಯ ಮರಳಿಗೆ ಕಂಬಳಿಯಾಯಿತು. ಇದನ್ನು ಅರಿತವಳು ಅಂಬಿಗರ ನಿಂಬೆವ್ವ ಒಬ್ಬಳೇ. ದಂಡೆಯಂಚಿನ ಗುಡಿಸಲಿನವಳು, ಮೂವತ್ತು ವರ್ಷ ಹರಿಗೋಲಿನ ಗಳದಿಂದ ಹೊಳೆಯ ತಳ ಮುಟ್ಟಿದವಳು. ಊರಿಗೊಂದು ಕೋಟೆ ಬೇಕೆಂದು ಗೌಡ ಚನ್ನಬೀರಪ್ಪ ಆ ಕಲ್ಲುಗಳನ್ನೇ ಆರಿಸಿ ತರಿಸತೊಡಗಿದಾಗ ಅವಳ ಜೀವ ತಡೆಯಲಿಲ್ಲ.

"ಗೌಡ್ರ, ಹೊಳಿ ಹೊದ್ಕೊಂಡಿದ್ದನ್ನ ಕಸೀಬ್ಯಾಡ್ರಿ. ತಳ ಕುಸದ್ರ ದಂಡೀನೂ ಕುಸೀತೈತಿ."

"ಹೊಳೀಗೂ ಚಳಿ ಆಗ್ತೈತೇನಬೇ? ಹಂಗಾರ ನಿನ್ನ ಕೌದಿ ಹೊಚ್ಚು ಹೋಗು!" ಎಂದು ಗೌಡ ನಕ್ಕ. ಊರೂ ನಕ್ಕಿತು.

ಬೇಸಿಗೆ ಮುಗಿಯುವುದರೊಳಗೆ ಕೋಟೆ ಎದೆಯೆತ್ತರ ಎದ್ದಿತು. ಮುಂಗಾರಿನ ಮೊದಲ ನೆರೆ ಬತ್ತಲಾದ ತಳವನ್ನು ಎರಡಾಳುದ್ದ ತೋಡಿತು. ಬುಡ ತಪ್ಪಿದ ದಂಡೆ ಹೋಳುಹೋಳಾಗಿ ಜಾರಿ, ನಿಂಬೆವ್ವನ ಗುಡಿಸಲು ಹೋಯಿತು. ಬೆನ್ನಿಗೇ ಅರ್ಧ ಅಂಬಿಗರ ಕೇರಿ. ಮಳೆ ಹೊಳವಾಗಿ ನೀರು ಇಳಿದ ದಿನ ಅವಳು ನೇರವಾಗಿ ಹೋಗಿ ಕೋಟೆಯ ಕಲ್ಲು ಕೀಳತೊಡಗಿದಳು.

"ಕೈ ತಗೀ!" ಗೌಡ ಓಡಿ ಬಂದು ಗದರಿದ.

"ಇನ್ನೊಂದು ನೆರಿ ಬಂದ್ರ ನಿಮ್ಮ ಮನೀ ಪಾಳಿ, ಯಪ್ಪಾ. ಕ್ವಾಟಿ ಉಳೀಬೇಕೋ, ಊರು ಉಳೀಬೇಕೋ?"

ಗೌಡ ದಂಡೆಯ ತನಕ ಹೋಗಿ ಕುಸಿದ ಕೇರಿಯನ್ನು ಕಂಡು ಬಂದ. ಆಮೇಲೆ ತಲೆಯ ರುಮಾಲು ಬಿಚ್ಚಿ, ಸಿಂಬಿ ಸುತ್ತಿ, ಮೊದಲ ಕಲ್ಲನ್ನು ತಾನೇ ಹೊಳೆಗೆ ಹೊತ್ತ. ಊರಿಗೆ ಊರೇ ಹಿಂದೆ ಸಾಲುಗಟ್ಟಿತು. ನಿಂಬೆವ್ವ ಸೊಂಟಮಟ್ಟ ನೀರಿನಲ್ಲಿ ನಿಂತು ಒಂದೊಂದನ್ನೂ ಒರಗಿಸಿ ಕೂರಿಸಿದಳು. ಒಂಬತ್ತನೆಯ ದಿನ, ಕಡೆಯ ಸಾಲು ಉಳಿದಿರುವಾಗಲೇ ಮೇಲಿನಿಂದ ನೀರಿನ ಸದ್ದು ಕೇಳಿಸಿತು. ಎಲ್ಲರೂ ದಡ ಹತ್ತಿದರು. ಅವಳು ಮಾತ್ರ ಬಗ್ಗಿದ್ದ ಬೆನ್ನು ಎತ್ತಲಿಲ್ಲ. ಆ ನೆರೆಗೆ ಹಾಸು ತಡೆಯಿತು, ದಂಡೆ ನಿಂತಿತು. ನಿಂಬೆವ್ವ ಸಿಗಲಿಲ್ಲ.

ಊರ ಸುತ್ತ ಈಗಲೂ ಆ ಕೋಟೆಯ ಮೊಣಕಾಲೆತ್ತರದ ಗೋಡೆಯೊಂದು ಕಾಣುತ್ತದೆ. ನಮ್ಮೂರ ಎಮ್ಮೆಗಳು ಅದನ್ನು ಸಲೀಸಾಗಿ ದಾಟುತ್ತವೆ. ಅದರ ಮೇಲೆ ಇನ್ನೊಂದು ಕಲ್ಲು ಇಟ್ಟ ಗೌಡ ಈವರೆಗೆ ಹುಟ್ಟಿಲ್ಲ.