ರುಮಾಲಿನ ರಾಚಪ್ಪನ ದೊಡ್ಡ ಗೆರೆ

ಬಿಳಿಕಲ್ಲುಕೋಟೆಯ ದೊರೆ ಕೆಂಚನಾಯಕನ ತಲೆಗೆ ರುಮಾಲು ಸುತ್ತುವವನು ರಾಚಪ್ಪ. ಹದಿನೆಂಟು ಮೊಳದ ಬಟ್ಟೆ ಅವನ ಕೈಗೆ ಸಿಕ್ಕಿತೆಂದರೆ ದೊರೆಯ ಬೋಳುತಲೆ ಮರೆಯಾಗಿ ಅಲ್ಲಿ ಗಾಂಭೀರ್ಯ ಬಂದು ಕೂರುತ್ತಿತ್ತು. ಅಂಥ ರಾಚಪ್ಪ ಮೂರು ದಿನದಿಂದ ಪೇಟೆಬೀದಿಯ ನಡುವೆ ಸುಣ್ಣದ ಗೆರೆಯೊಳಗೆ ಕೂತಿದ್ದ.

ಆ ಊರಿನ ಕಟ್ಟಳೆ ಅದು. ಸಾಲ ಕೊಟ್ಟವನು ಸಾಲಗಾರನ ಸುತ್ತ ಗೆರೆ ಎಳೆದನೋ ಮುಗಿಯಿತು, ಸಾಲದ ತೀರ್ಮಾನವಾಗುವವರೆಗೆ ಅವನು ದಾಟುವಂತಿಲ್ಲ. ಗೆರೆ ಎಳೆದವನು ಎರಡು ಹೊತ್ತು ಊಟ ಹಾಕಬೇಕು, ಅಷ್ಟೆ. ರಾಚಪ್ಪನ ಸುತ್ತ ಇದ್ದದ್ದು ಮೂರು ಗೆರೆ. ಬೆಲ್ಲದ ಸೋಮಶೆಟ್ಟಿಯದೊಂದು, ತುಪ್ಪದ ಮುರಿಗೆಪ್ಪನದೊಂದು, ಬೇಳೆ ಅಂಗಡಿಯ ಪದ್ಮಣ್ಣನದೊಂದು. ತಲಾ ಹದಿನಾಲ್ಕು ವರಹ.

ಬೆಲ್ಲ, ತುಪ್ಪ, ಬೇಳೆ ಅಂದಮೇಲೆ ಸಾಲ ಯಾಕಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳಿಬಿಡುತ್ತೇನೆ. ರುಮಾಲು ಚೆನ್ನಾಗಿ ಕೂತ ದಿನ ದೊರೆ ಕನ್ನಡಿ ನೋಡಿ "ಭೇಷ್ ರಾಚಪ್ಪ" ಅನ್ನುತ್ತಿದ್ದ. ಅಷ್ಟು ಅಂದರೆ ಸಾಕು, ರಾಚಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವತ್ತು ಇಡೀ ಕೇರಿಗೆ ಹೋಳಿಗೆ ಊಟ. ಎಲೆ ಮುಂದೆ ಕೂತವರಿಗೆಲ್ಲ "ದೊರೆ ಏನಂದರು ಗೊತ್ತಾ?" ಎಂದು ಹೇಳಿದ್ದನ್ನೇ ಹೇಳಿ ಇನ್ನೊಂದು ಹಾಕಿಸುತ್ತಿದ್ದ. ಹೆಂಡತಿ ನಾಗವ್ವ ಕಣಕ ನಾದಿ ನಾದಿ ಸುಸ್ತಾಗಿ, "ಆ ದೊರೆ ಒಂದು ದಿನ ಬಾಯಿ ಮುಚ್ಕೊಂಡು ಕನ್ನಡಿ ನೋಡಬಾರದಾ" ಎಂದು ಗೊಣಗುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಆಸ್ಥಾನದ ವಿದೂಷಕ ಹಂಪಣ್ಣ ಕೊಡೆ ಹಿಡಿದು ಬಂದ. ಅವನ ನಾಲಗೆಗೆ ದೊರೆಯೂ ತುಸು ಹೆದರುತ್ತಿದ್ದ.

"ನಾಳೆ ಪಕ್ಕದ ಸೀಮೆಯ ದೊರೆ ಬರ್ತಾರೆ. ಅವರನ್ನ ಎದುರುಗೊಳ್ಳೋಕೆ ನಮ್ಮ ದೊರೆ ಆನೆ ಮೇಲೆ ಕೋಟೆಯಾಚೆ ಹೊರಡ್ತಾರೆ. ತಲೆಗೆ ರುಮಾಲು ಬೇಕಂತೆ," ಅಂದ. "ನೀನು ಗೆರೆ ದಾಟಬಾರದಂತೆ, ಕಟ್ಟಳೆ ಕಟ್ಟಳೆಯೇ ಅಂತೆ. ನಿನ್ನ ಸಾಲಕ್ಕೆ ಬೊಕ್ಕಸದಿಂದ ಬಿಡಿಗಾಸೂ ಇಲ್ಲವಂತೆ. ಆದರೆ ಬೆಳಗ್ಗೆ ನೀನು ಅರಮನೆಯಲ್ಲಿ ಇರಬೇಕಂತೆ. ಇಲ್ಲದಿದ್ದರೆ ನಿನ್ನ ಕೆಲಸ ಬೇರೆಯವನಿಗೆ."

ರಾಚಪ್ಪ ಗೆರೆಯ ಅಂಚಿಗೆ ಸರಿದ. ಕೆಲಸವೂ ಹೋದರೆ ಈ ಗೆರೆಯೊಳಗೇ ಮುದುಕನಾಗಬೇಕು.

"ಹಂಪಣ್ಣನೋರೆ, ಏನಾದ್ರೂ ಮಾಡಿ. ರುಮಾಲು ಸುತ್ತೋದು ಬಿಟ್ಟು ನಂಗೆ ಬೇರೇನೂ ಬರಲ್ಲ."

"ಹೋಳಿಗೆ ಹಾಕಿಸೋದು ಬರುತ್ತಲ್ಲ," ಎಂದ ಹಂಪಣ್ಣ, ಸಾಲ ಕೊಟ್ಟ ಮೂವರನ್ನೂ ಕರೆಸಿದ.

"ಶೆಟ್ರೆ, ಇವನನ್ನ ಯಾಕೆ ಬಿಡ್ತಿಲ್ಲ?"

"ನಾನು ಬಿಟ್ಟರೆ ಮುರಿಗೆಪ್ಪ ಮೊದಲು ವಸೂಲು ಮಾಡ್ಕೋತಾನೆ."

"ನಾನು ಬಿಟ್ಟರೆ ಪದ್ಮಣ್ಣ," ಅಂದ ಮುರಿಗೆಪ್ಪ. ಪದ್ಮಣ್ಣ ಶೆಟ್ಟಿಯ ಕಡೆ ಬೆರಳು ತೋರಿಸಿದ.

"ಸರಿ. ಇಲ್ಲಿ ಕೂತು ಇವನು ಎಷ್ಟು ದುಡೀತಾನೆ?"

"ಏನೂ ಇಲ್ಲ."

"ಊಟ?"

ಶೆಟ್ಟಿಯ ಮುಖ ಸಣ್ಣದಾಯಿತು. "ಮೂರು ಮನೆಯಿಂದ ಬರುತ್ತೆ. ಮೂರನ್ನೂ ಉಣ್ತಾನೆ."

"ತಂದದ್ದನ್ನ ಬೇಡ ಅನ್ನೋಕಾಗುತ್ತಾ?" ಅಂದ ರಾಚಪ್ಪ, ತಲೆ ತಗ್ಗಿಸಿ.

"ಹಾಗಾದರೆ ಕೇಳಿ," ಅಂದ ಹಂಪಣ್ಣ. "ಗೆರೆ ಎಷ್ಟು ದೊಡ್ಡದಿರಬೇಕು ಅಂತ ಕಟ್ಟಳೇಲಿ ಇಲ್ಲ. ಮೂವರೂ ಸೇರಿ ಕೋಟೆಯ ಸುತ್ತ ಒಂದೇ ಗೆರೆ ಎಳೀರಿ. ಇವನು ಅದರೊಳಗೇ ಇರ್ತಾನೆ, ಅರಮನೇಲಿ ದುಡೀತಾನೆ, ಮನೇಲಿ ಉಣ್ತಾನೆ. ಸಂಬಳ ನಾಗವ್ವನ ಕೈಗೆ. ತಿಂಗಳಿಗೆ ಒಂದು ವರಹ ಮನೆಖರ್ಚಿಗೆ ಇಟ್ಕೊಂಡು ನಿಮಗೆ ತಲಾ ಒಂದು ಕೊಡ್ತಾಳೆ. ಹದಿನಾಲ್ಕು ತಿಂಗಳಿಗೆ ಚುಕ್ತಾ. ಬಡ್ಡಿ ಇಲ್ಲ. ಅಲ್ಲೀವರೆಗೂ ಇವನಿಗೆ ಯಾರೂ ಹೊಸ ಸಾಲ ಕೊಡಬಾರದು."

"ಬಡ್ಡಿ ಇಲ್ವಾ?" ಅಂದ ಪದ್ಮಣ್ಣ.

"ಬಡ್ಡಿ ಬೇಕಿದ್ದರೆ ಇಲ್ಲೇ ಕೂರಿಸಿಕೊಂಡು ಊಟ ಹಾಕಿ."

ಶೆಟ್ಟಿ ಬೆರಳು ಮಡಿಸಿದ. "ಇವನ ಸಂಬಳ ಎರಡೇ ವರಹ. ನಾಲ್ಕು ಎಲ್ಲಿಂದ ಬರುತ್ತೆ?"

"ನಾಳೆ ಬೆಳಗ್ಗೆ ಹೆಬ್ಬಾಗಿಲಿಗೆ ಬನ್ನಿ, ತೋರಿಸ್ತೀನಿ."

ಸಂಜೆಯೊಳಗೆ ಮೂವರೂ ಸುಣ್ಣದ ಗಡಿಗೆ ಹೊತ್ತು ಕೋಟೆ ಸುತ್ತಿ ಬಂದರು. ಶೆಟ್ಟಿಗೆ ಸೊಂಟ ಹಿಡಿದಿತ್ತು. ಹೆಬ್ಬಾಗಿಲಿನ ಎಂಟು ಮೊಳ ಉಳಿದಾಗ ಹಂಪಣ್ಣ ಅವರನ್ನು ತಡೆದ. ಪೇಟೆಯ ಚಿಕ್ಕ ಗೆರೆಗಳನ್ನು ಒರೆಸಿ, ರಾಚಪ್ಪನನ್ನು ಕರೆತಂದು, ಗಡಿಗೆಯನ್ನು ಅವನ ಕೈಗೇ ಕೊಟ್ಟ.

"ಇಷ್ಟನ್ನ ನೀನೇ ಎಳಿ."

ಯಾಕೆಂದು ರಾಚಪ್ಪನಿಗೆ ತಿಳಿಯಲಿಲ್ಲ. ಆದರೂ ಎಳೆದ.

ಬೆಳಗ್ಗೆ ರುಮಾಲು ಹಿಂದೆಂದೂ ಕೂರದಷ್ಟು ಚೆನ್ನಾಗಿ ಕೂತಿತು. ದೊಡ್ಡ ಗೆರೆಯ ಕತೆ ಕೇಳಿ ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಆನೆ ಹತ್ತಿ ಹೊರಟ. ಹೆಬ್ಬಾಗಿಲಲ್ಲಿ ಹಂಪಣ್ಣ ಕೈಮುಗಿದು ಅಡ್ಡ ನಿಂತಿದ್ದ.

"ಬುದ್ಧಿ, ತಾವು ಈ ಗೆರೆ ದಾಟೋ ಹಾಗಿಲ್ಲ."

"ಅದು ರಾಚಪ್ಪನ ಸಾಲದ ಗೆರೆ ಅಲ್ಲವೇನಯ್ಯ?"

"ಸುತ್ತಲಿನದು ಅವನಿಗೆ ಸಾಲ ಕೊಟ್ಟವರು ಎಳೆದದ್ದು. ಈ ಎಂಟು ಮೊಳ ಅವನೇ ಎಳೆದದ್ದು. ಅವನಿಗೆ ಕೊಡಬೇಕಾದವರೂ ಒಬ್ಬರು ಕೋಟೆಯೊಳಗೆ ಇದ್ದಾರೆ. ಹದಿನಾಲ್ಕು ತಿಂಗಳ ಸಂಬಳ, ಇಪ್ಪತ್ತೆಂಟು ವರಹ."

ಆನೆಯ ಹಿಂದೆ ನಿಂತಿದ್ದ ರಾಚಪ್ಪ ಇನ್ನಷ್ಟು ಮರೆಗೆ ಸರಿದ. ಆ ಬಾಕಿಯನ್ನು ಅವನು ಮನಸ್ಸಿನಲ್ಲಿ ಕೂಡ ಎಣಿಸುವ ಧೈರ್ಯ ಮಾಡಿರಲಿಲ್ಲ. ದೊರೆಯ ಮುಖ ಕೆಂಪಾಯಿತು. ಕೆಳಗೆ ಬಿಳಿ ಗೆರೆ, ಸುತ್ತ ಊರ ಜನ. ಕೊನೆಗೆ ಆನೆಯ ಮೇಲಿಂದ ಬಗ್ಗಿ ದನಿ ತಗ್ಗಿಸಿದ.

"ಹಂಪಣ್ಣ, ಬೊಕ್ಕಸದಲ್ಲಿ ಇಲ್ಲ ಕಣಯ್ಯ. ಈ ಆನೆ ಕೊಂಡೆನಲ್ಲ."

"ಗೊತ್ತು ಬುದ್ಧಿ, ಅದಕ್ಕೇ ಒಂದೇ ಸಲ ಕೇಳ್ತಿಲ್ಲ. ತಿಂಗಳ ಸಂಬಳ ಎರಡು, ಹಳೇ ಬಾಕಿಗೆ ಎರಡು. ಹದಿನಾಲ್ಕು ತಿಂಗಳು."

"ನಾಲ್ಕು!" ಅಂದ ಶೆಟ್ಟಿ, ಗುಂಪಿನೊಳಗಿಂದ.

"ಒಪ್ಪಿದೆ," ಅಂದ ದೊರೆ. "ಈಗ ದಾಟಲೋ ಬೇಡವೋ?"

ರಾಚಪ್ಪ ಮುಂದೆ ಬಂದು ಬಗ್ಗಿ, ಹೆಗಲ ಮೇಲಿನ ವಸ್ತ್ರದಿಂದ ತಾನೆಳೆದ ಎಂಟು ಮೊಳವನ್ನು ಒರೆಸಿದ. "ಮಾತು ಕೊಟ್ಟಿದೀರಲ್ಲ ಬುದ್ಧಿ, ಹೋಗಿಬನ್ನಿ. ತಾವು ಬಂದಮೇಲೆ ಮತ್ತೆ ಎಳೀತೀನಿ."

ಕೆಂಚನಾಯಕ ಆನೆಯೇ ಅಲುಗುವಂತೆ ನಕ್ಕ. ನಕ್ಕು, ಮನಸ್ಸು ತುಂಬಿ, "ಭೇ..." ಎಂದು ಬಾಯಿ ತೆರೆದ.

"ಬುದ್ಧಿ, ಅದೊಂದು ಬೇಡ," ಅಂದ ಹಂಪಣ್ಣ. "ತಾವು ಕೊಡದೇ ಇದ್ದ ಸಂಬಳದಿಂದ ಇವನು ಅರ್ಧ ಮುಳುಗಿದ. ಇನ್ನರ್ಧ ಮುಳುಗಿದ್ದು ತಾವು ಕೊಟ್ಟ ಭೇಷ್‌ನಿಂದ."

ದೊರೆ ಬಾಯಿ ಮುಚ್ಚಿಕೊಂಡ. ಹದಿನಾಲ್ಕು ತಿಂಗಳು ಕನ್ನಡಿಯ ಮುಂದೆ ತುಟಿ ಬಿಚ್ಚಲಿಲ್ಲ. ಹದಿನೈದನೆಯ ತಿಂಗಳ ಮೊದಲ ದಿನ ಅರಮನೆಯೆಲ್ಲ ಕೇಳುವಂತೆ "ಭೇಷ್ ರಾಚಪ್ಪ" ಅಂದ. ಅವತ್ತೂ ಇಡೀ ಕೇರಿ ಹೋಳಿಗೆ ಉಂಡಿತು. ನಾಗವ್ವ ಮಾತ್ರ ಕಣಕ ನಾದಲಿಲ್ಲ, ಎಲ್ಲರ ಜೊತೆ ಎಲೆ ಮುಂದೆ ಕೂತಿದ್ದಳು. ಅಡುಗೆ ಅರಮನೆಯದು.