ಮಣಿಕಟ್ಟಿನ ವಯಸ್ಸು

ಹದಿನೇಳರೊಳಗಿನವರ ಕಬಡ್ಡಿ ತಂಡದಲ್ಲಿ ಒಂದೇ ಸ್ಥಾನ ಉಳಿದಿತ್ತು. ಅದು ಶಾಲಾಬಾಲಕ ಸಂಗಯ್ಯನಿಗೆ ಸಲ್ಲಬೇಕಿತ್ತು. ತಂಡದ ವ್ಯವಸ್ಥಾಪಕ ದುಂಡಪ್ಪ ಪಾಟೀಲರು ಮಾತ್ರ ಊರಿನ ಪಳಗಿದ ಆಟಗಾರ ಯಲಗೂರನ ಮೀಸೆ ಬೋಳಿಸಿ ಆಸ್ಪತ್ರೆಗೆ ಕರೆತಂದರು. ವಯಸ್ಸಿನ ಪ್ರಮಾಣಪತ್ರ ಬೇಕಾಗಿತ್ತು.

“ಎಕ್ಸ್‌ರೇ ಗಿಕ್ಸ್‌ರೇ ಬ್ಯಾಡ. ಎಳೇ ಹುಡುಗ. ಹಂಗೇ ಬರದು ಕೊಡ್ರಿ,” ಎಂದು ಗದರಿದರು.

ಆಸ್ಪತ್ರೆಯ ಗುಮಾಸ್ತೆ ವಿನಯದಿಂದ ಹೇಳಿದಳು: “ಎಂಆರ್‌ಐ ಮಾಡೋಣ್ರಿ ಸರ. ಅದರಾಗ ವಿಕಿರಣ ಇಲ್ಲ. ಮಣಿಕಟ್ಟಿನ ಎಲುಬು ಎಷ್ಟು ಬಲಿತಾವ ಅನ್ನೋದರ ಮ್ಯಾಲ ವಯಸ್ಸು ತಿಳೀತದ.”

“ಆ ಯಂತ್ರದ ಸದ್ದಿಗೆ ಹುಡುಗ ಅಂಜತಾನ.”

“ಖರೇ ಅದ. ಸಣ್ಣವರು ಒಬ್ಬರೇ ಇರಬಾರದು.” ಅವಳು ಯಲಗೂರನತ್ತ ತಿರುಗಿದಳು. “ಮನಿಯವರು ಯಾರರ ಕೈ ಹಿಡ್ಕೊಂಡು ಪಕ್ಕದಾಗ ಕೂಡಬಹುದು. ಯಾರನ್ನ ಕರೀಲಿ, ತಮ್ಮಾ?”

ಯಲಗೂರನಿಗೆ ನಿಜಕ್ಕೂ ಅಂಜಿಕೆಯಾಗಿತ್ತು. “ನನ್ನ ಹೆಂಡ್ತೀನ ಕರೀರಿ ಅಕ್ಕಾರ. ಹೊರಗ ಕೂಸಿನ್ನ ಎತ್ಕೊಂಡು ನಿಂತಾಳ.”

ಪಾಟೀಲರು ಫ್ಯಾನಿನತ್ತ ಮುಖ ತಿರುಗಿಸಿದರು. “ಹುಡುಗಾಟಕ್ಕ ಅಂತಾನ್ರಿ,” ಎಂದರು.

“ಹಂಗಾರ ಆ ಕೂಸಿನ ವಯಸ್ಸು ಕೇಳಿದ್ರ ಸಾಕಲ್ರಿ, ಸರ?”

ಪಾಟೀಲರು ಪ್ರಮಾಣಪತ್ರ ಬೇಡವೆಂದು ಎದ್ದರು.

ಮರುದಿನ ಅಂಕಣಕ್ಕಿಳಿದವನು ಸಂಗಯ್ಯ. ಅವನು ಎದುರಾಳಿಯನ್ನು ಮುಟ್ಟಿ ಬಂದಾಗಲೆಲ್ಲ, ಪ್ರೇಕ್ಷಕರ ನಡುವೆ ಯಲಗೂರ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕುತ್ತಿದ್ದ.