ಮುಟ್ಟುವ ಮೊದಲು ಹೇಳಿದ ಕೊಟ್ರಪ್ಪ

ಬನ್ನಿ, ಗೋಡೆಗೆ ಒರಗಿ ಕೂತುಕೊಳ್ಳಿ. ಕಾಲು ಚಾಚಿದರೂ ನಡೆದೀತು, ನಡುವೆ ಎದ್ದು ಹೋಗಬೇಡಿ ಅಷ್ಟೆ. ಇದು ಕೊಟ್ರಪ್ಪನ ಕತೆ. ನಗು ಬಂದರೆ ನಗಿ, ಆದರೆ ಮೆಲ್ಲಗೆ ನಗಿ. ಇದರೊಳಗೆ ಒಂದು ಕೂಸಿನ ಜೀವ ಇದೆ.

ಬಸಲಿಂಗವ್ವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳು ನೀಲವ್ವ ಜಾಣೆ, ಗಂಡನ ಮನೆ ಸೇರಿದಳು. ಮಗ ಕೊಟ್ರಪ್ಪನಿಗೆ ಮೂವತ್ತು ತುಂಬಿದರೂ ಹೇಳಿದ್ದಷ್ಟೇ ಗೊತ್ತು, ಹೇಳದ್ದು ಗೊತ್ತಿಲ್ಲ. ಸಂಡಿಗೆ ಒಣಹಾಕಿ, ಕಾಗೆ ಬಂದರೆ ಓಡಿಸು ಅಂದಳು ಅವ್ವ. ಕಾಗೆ ಬರಲಿಲ್ಲ. ಕೋಳಿ ಬಂದವು, ತಿಂದವು, ಹೋದವು. ಯಾಕೋ ಅಂದರೆ, ನೀನು ಕಾಗೆ ಅಂದಿದ್ದೆ ಅಂದ. ಇವನನ್ನು ಕಟ್ಟಿಕೊಂಡು ಹೇಗೆ ಬಾಳಲಿ ಎಂದು ಬಸಲಿಂಗವ್ವ ಹಣೆ ಚಚ್ಚಿಕೊಂಡಳು.

ಆ ಮನೆಯಲ್ಲಿ ಒಂದು ಮಾತನ್ನು ಯಾರೂ ಆಡುತ್ತಿರಲಿಲ್ಲ. ಬಸಲಿಂಗವ್ವನ ಇಬ್ಬರು ತಮ್ಮಂದಿರು ಚಿಕ್ಕಂದಿನಲ್ಲೇ ಹೋಗಿದ್ದರು. ಈರಣ್ಣ ಹಲ್ಲು ಕೀಳಿಸಿಕೊಂಡು, ಚನ್ನಬಸಪ್ಪ ಬಂಡಿಯಿಂದ ಬಿದ್ದು. ಇಬ್ಬರದೂ ರಕ್ತ ನಿಲ್ಲಲಿಲ್ಲ. ಮನೆತನಕ್ಕೆ ಶಾಪ ಅಂದಾರು, ಹೆಣ್ಣು ಕೇಳಲು ಯಾರೂ ಬರಲಿಕ್ಕಿಲ್ಲ ಎಂದು ನೀಲವ್ವನಿಂದಲೂ ಮುಚ್ಚಿಟ್ಟಳು. ಒಮ್ಮೆ ಮಾತ್ರ ದುಃಖ ತಡೆಯದೆ ಮಗನ ಮುಂದೆ ಆಡಿಬಿಟ್ಟಳು. ಆಡಿದ ಮೇಲೆ, ಯಾರು ಕೇಳಿದರೂ ಬಾಯಿ ಬಿಡಬೇಡ ಅಂದಳು. ಕೊಟ್ರಪ್ಪ ಹೂಂ ಅಂದ.

ನೀಲವ್ವನ ಮಗ ಪರಸು, ಆರು ವರ್ಷದವನು, ರಜೆಗೆ ಬಂದ. ಹಾಲುಹಲ್ಲು ಬಿತ್ತು. ಬೆಳಿಗ್ಗೆ ಬಂದ ರಕ್ತ ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಬಸಲಿಂಗವ್ವ ದೂರದ ಹೊಲದಲ್ಲಿದ್ದಳು. ಕೊಟ್ರಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿಯ ಹಿರಿಯ ನರ್ಸು ಸುಲೋಚನಮ್ಮ, ನಿಮ್ಮ ಮನೆಯಲ್ಲಿ ಹೀಗೆ ರಕ್ತ ನಿಲ್ಲದವರು ಯಾರಾದರೂ ಇದ್ದರಾ ಎಂದು ಕೇಳಿದಳು. ಬಾಯಿ ಬಿಡಬೇಡ ಅಂದಿದ್ದಳಲ್ಲ ಅವ್ವ, ಕೊಟ್ರಪ್ಪ ತುಟಿ ಹೊಲಿದವನ ಹಾಗೆ ನಿಂತ. ಮತ್ತೊಮ್ಮೆ ಕೇಳಿದಳು. ಮತ್ತೂ ಹಾಗೇ ನಿಂತ. ಯಾರೂ ಇಲ್ಲವೇನೋ ಎಂದುಕೊಂಡು ಕೂಸಿನ ಸೊಂಟದ ಕೆಳಗೆ ಸೂಜಿ ಚುಚ್ಚಿದರು. ಸಂಜೆಗೆ ಆ ಜಾಗ ತೆಂಗಿನಕಾಯಿಯಷ್ಟು ಬಾತಿತು. ಕೂಸು ಬಿಳುಚಿಕೊಂಡು ಕಣ್ಣು ಮುಚ್ಚಿತು.

ಬಸಲಿಂಗವ್ವ ಏದುಸಿರು ಬಿಡುತ್ತ ಬಂದು ನೋಡಿದಳು. ತಮ್ಮಂದಿರ ಮುಖವೇ ಅಲ್ಲಿ ಮಲಗಿತ್ತು. ಆಗ ಬಾಯಿ ಬಿಟ್ಟಳು. ಸುಲೋಚನಮ್ಮ ಕೂಸನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಗಾಡಿ ಹತ್ತಿದಳು. ರಕ್ತ ಹೆಪ್ಪುಗಟ್ಟಿಸುವ ಔಷಧಿ ನರಕ್ಕೆ ಏರಿಸಿದರು. ನಾಲ್ಕನೆಯ ದಿನ ಕೂಸು ಗಂಜಿ ಕೇಳಿತು.

ಸುಲೋಚನಮ್ಮ ಬಸಲಿಂಗವ್ವನನ್ನು ಕೂರಿಸಿಕೊಂಡು ಹೇಳಿದಳು. ಇದು ಶಾಪ ಅಲ್ಲ, ರಕ್ತದಲ್ಲಿ ಬಂದದ್ದು. ತಾಯಿ ತನಗೇ ಗೊತ್ತಿಲ್ಲದೆ ಒಡಲಲ್ಲಿ ಹೊತ್ತಿರುತ್ತಾಳೆ, ಗಂಡುಮಕ್ಕಳಲ್ಲಿ ಕೆಲವರಿಗೆ ಕಾಣಿಸಿಕೊಳ್ಳುತ್ತದೆ. ಯಾರ ತಪ್ಪೂ ಅಲ್ಲ, ಮುಚ್ಚಿಟ್ಟರೆ ಮಾತ್ರ ತಪ್ಪು. ನಿಮ್ಮ ಮಗಳಿಗೆ ಇದು ತಿಳಿಯಬೇಕು. ಆಮೇಲೆ ಕೊಟ್ರಪ್ಪನ ಕಡೆ ತಿರುಗಿದಳು.

"ಉತ್ತರ ಸಿಗದೆ ನಾವು ಸೂಜಿ ಹಿಡೀಬಾರದಿತ್ತು, ಅದು ನಮ್ಮ ತಪ್ಪು. ನೀನು ಬಾಯಿ ಮುಚ್ಚಿದ್ದು ನಿನ್ನ ತಪ್ಪು. ಇನ್ನು ಮೇಲೆ ಈ ಮಗುವನ್ನು ಯಾರೇ ಮುಟ್ಟಲಿ, ಮುಟ್ಟುವ ಮೊದಲು ಹೇಳು."

ಕೊಟ್ರಪ್ಪ ಹೂಂ ಅಂದ.

ಊರಿಗೆ ಬರುವಾಗ ಬಸ್ಸಿನ ಕಂಡಕ್ಟರ್ ಕೂಸನ್ನು ಎತ್ತಿ ಹತ್ತಿಸಲು ಕೈ ಚಾಚಿದ. ಕೊಟ್ರಪ್ಪ ತಡೆದ. ಇವನ ರಕ್ತ ನಿಲ್ಲೋದಿಲ್ಲ, ಸೂಜಿ ಚುಚ್ಚಬೇಡಿ, ಇವನ ಅಜ್ಜಿಯ ತಮ್ಮಂದಿರು ಈರಣ್ಣ, ಚನ್ನಬಸಪ್ಪ ಹೀಗೇ ಸತ್ತರು ಅಂದ. ನಾನು ಚೀಟಿ ಕೊಡುವವನಪ್ಪಾ ಎಂದು ಕಂಡಕ್ಟರ್ ಕೈ ಮುಗಿದ. ಮನೆಗೆ ಬಂದರೆ ಎಮ್ಮೆ ಕೂಸಿನ ಕೈ ನೆಕ್ಕಲು ಮೂತಿ ಚಾಚಿತು. ಎಮ್ಮೆಗೂ ಹೇಳಿದ. ಈರಣ್ಣನನ್ನೂ ಬಿಡಲಿಲ್ಲ, ಚನ್ನಬಸಪ್ಪನನ್ನೂ ಬಿಡಲಿಲ್ಲ.

ಬಸಲಿಂಗವ್ವ ಬೈದಳು. ಕಂಡಕಂಡವರಿಗೆಲ್ಲ ಹೇಳಬೇಡ, ನಮ್ಮವರಿಗೆ ಹೇಳಿದರೆ ಸಾಕು ಅಂದಳು. ತಾನು ಮಾತ್ರ ನೀಲವ್ವನಿಗೆ, ಹಲ್ಲು ಬಿತ್ತು, ವಾಸಿಯಾಯಿತು ಅಂತಷ್ಟೇ ಹೇಳಿಕಳಿಸಿದಳು. ನೀಲವ್ವ ಮತ್ತೆ ಬಸುರಿ. ಹೇಳಲು ನಾಲಿಗೆ ಏಳಲಿಲ್ಲ.

ಬಯಕೆ ಬುತ್ತಿ ಕಟ್ಟಿಕೊಂಡು ಮೂವರೂ ನೀಲವ್ವನ ಮನೆಗೆ ಹೋದರು. ಅತ್ತೆ, ನಾದಿನಿಯರು, ನೆಂಟರು ಪಡಸಾಲೆ ತುಂಬ ಕೂತಿದ್ದರು. ನೀಲವ್ವ ಓಡಿ ಬಂದು ಮಗನನ್ನು ತಬ್ಬಲು ಬಗ್ಗಿದಳು. ಇವರೆಲ್ಲ ನಮ್ಮವರೇ ಅಲ್ಲವೇ ಎಂದುಕೊಂಡು ಕೊಟ್ರಪ್ಪ ತಂಗಿಗೆ ಅಡ್ಡ ನಿಂತ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. ರಕ್ತ, ಸೂಜಿ, ಈರಣ್ಣ, ಚನ್ನಬಸಪ್ಪ. ತಾಯಿಯ ಒಡಲಿಂದ ಬರುತ್ತದಂತೆ ಎಂಬುದನ್ನೂ ಸೇರಿಸಿದ.

ಹೋಳಿಗೆ ಬಡಿಸುತ್ತಿದ್ದ ಕೈ ನಿಂತಿತು. ನೀಲವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಾಯಿಯನ್ನು ನೋಡಿದಳು.

"ಅವ್ವಾ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತವ್ವ."

ನೀಲವ್ವ ತಿರುಗಿ ಒಳಗೆ ಹೋದಳು.

ಆಮೇಲೆ ಏನಾಯಿತು ಅಂತೀರಾ? ಅತ್ತೆ ಎರಡು ತಿಂಗಳು ಬೀಗಿತಿಯ ಜೊತೆ ಮಾತು ಬಿಟ್ಟಳು. ಹೆರಿಗೆಯ ಹೊತ್ತಿಗೆ ತಾನೇ ಗಾಡಿ ಮಾಡಿಸಿ ಸೊಸೆಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಬಸಲಿಂಗವ್ವ ಅಲ್ಲಿ ತಮ್ಮಂದಿರ ಹೆಸರನ್ನು ತಾನೇ ಬಾಯಿಬಿಟ್ಟು ಬರೆಸಿದಳು. ಬರೆಸುವಾಗ ಅತ್ತಳು. ಹುಟ್ಟಿದ್ದು ಗಂಡು. ಅವನಿಗೂ ಅದೇ ರಕ್ತ, ಆದರೆ ಮೊದಲೇ ತಿಳಿದದ್ದರಿಂದ ಒಂದು ಸೂಜಿಯೂ ತಪ್ಪು ಜಾಗಕ್ಕೆ ಹೋಗಲಿಲ್ಲ. ನೀಲವ್ವ ತಾಯಿಯನ್ನು ಕ್ಷಮಿಸಲು ಒಂದು ವರ್ಷ ಹಿಡಿಯಿತು. ಪರಸು ದೊಡ್ಡವನಾದ, ಅಂದು ಸೂಜಿ ಚುಚ್ಚಿದ ಕಡೆಯ ಕಾಲು ಸ್ವಲ್ಪ ಎಳೆದು ನಡೆಯುತ್ತಾನೆ, ಬದುಕಿದ್ದಾನೆ. ಸುಲೋಚನಮ್ಮ ಉತ್ತರ ಸಿಗದೆ ಮತ್ತೆ ಸೂಜಿ ಹಿಡಿಯಲಿಲ್ಲ.

ಕೊಟ್ರಪ್ಪನೋ? ಹೆರಿಗೆ ಕೋಣೆಯ ಹೊರಗೆ ನಿಂತಿದ್ದ. ನರ್ಸು ಕೂಸನ್ನು ತಂದು, ಹಿಡಿ ಮಾವಾ ಎಂದು ಕೈಗೆ ನೀಡಿದಳು. ಕೊಟ್ರಪ್ಪ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. ಕಣ್ಣು ಮುಚ್ಚಿ, ರಕ್ತದಿಂದ ಚನ್ನಬಸಪ್ಪನವರೆಗೆ ಒಂದಕ್ಷರ ಬಿಡದೆ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಹೂಂ ಅಂದ. ಆಮೇಲೆ ಕೂಸನ್ನು ಎತ್ತಿಕೊಂಡ.